ಕಮ್ಯುನಿಟಿ ಕಾಲೇಜಿಂದ ಅಗ್ರಿಕಲ್ಚರಲ್ ಎಜುಕೇಶನ್ ಡಿಗ್ರಿಗೆ ಟ್ರಾನ್ಸ್‌ಫರ್ ಆಗೋದು ಹೆಂಗೆ: ಹಾಸನ, ಚಿಕ್ಕಮಗಳೂರು ಕಡೆ ಮಕ್ಕಳಿಗೆ

ಪಿಯುಸಿ ರಿಸಲ್ಟ್ ಬಂದ್ಮೇಲೆ ನಮ್ಮ ಕಡೆ ತೋಟದವರ ಮನೆಗಳಲ್ಲಿ ಈಗೀಗ ಒಂದು ಪ್ರಶ್ನೆ ಕೇಳ್ತಿದಾರೆ, ಅಮೆರಿಕಾದಲ್ಲಿ ಮೊದ್ಲು ಕಮ್ಯುನಿಟಿ ಕಾಲೇಜಿಗೆ (ಅಲ್ಲಿಯ ಎರಡು ವರ್ಷದ ಸರ್ಕಾರಿ ಕಾಲೇಜು) ಸೇರಿ ಎರಡು ವರ್ಷ ಆದ್ಮೇಲೆ ದೊಡ್ಡ ಯೂನಿವರ್ಸಿಟಿಗೆ ಹೋಗ್ಬಹುದಂತೆ, ಖರ್ಚೂ ಕಮ್ಮಿ ಅಂತೆ, ಕೃಷಿ ಮೇಷ್ಟ್ರು ಆಗೋಕೇ ಅಂತ ಒಂದು ಡಿಗ್ರಿ ಇದ್ಯಂತೆ, ಇದೆಲ್ಲ ನಿಜಾನಾ ಅಂತ. ನಿಜಾನೇ. ನಮ್ಮಕ್ಕನ ಮಗಳು ಸಕಲೇಶಪುರ ಕಡೆ ತೋಟದಿಂದ ಹೋಗಿ ಇದೇ ದಾರಿಲಿ ಓದ್ತಿದಾಳೆ, ಕಾಗದಪತ್ರದ ಕೆಲಸ ಎಲ್ಲಾ ಹಾಸನದಲ್ಲಿ ಕೂತು ನಾನೇ ನೋಡ್ಕೊಂಡಿದ್ದು, ಅದಕ್ಕೆ ಗೊತ್ತಿರೋದನ್ನ ಬರೀತಿದೀನಿ. ಒಂದೊಂದು ರಾಜ್ಯದ ಪದ್ಧತಿ ಒಂದೊಂದು ಥರ, ನಾನು ಹೇಳೋದು ಕ್ಯಾಲಿಫೋರ್ನಿಯಾದ್ದು, ಬೇರೆ ರಾಜ್ಯಕ್ಕೆ ಹೋಗೋರು ಇದರ ದಾರಿ ಮಾತ್ರ ತಗೊಳ್ಳಿ, ನಂಬರ್‌ಗಳನ್ನ ಅಲ್ಲಿಯವ್ರ ಹತ್ರಾನೇ ಕೇಳ್ಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದ್ಲೇ ಹೇಳ್ಬಿಡ್ತೀನಿ. ಈ ದಾರಿಲಿ ಲೆಕ್ಕ ಕೊನೆಯಿಂದ ಹಾಕ್ಬೇಕು. ಯಾವ ಯೂನಿವರ್ಸಿಟಿಯ ಯಾವ ಡಿಗ್ರಿ ಬೇಕು ಅಂತ ಮೊದ್ಲು ನೋಡಿ, ಆ ಡಿಗ್ರಿಗೆ ಕಮ್ಯುನಿಟಿ ಕಾಲೇಜಲ್ಲಿ ಏನೇನು ಓದಿರ್ಬೇಕು ಅಂತ ಬರ್ಕೊಂಡು, ಅದಾದ್ಮೇಲೆ ಆ ಕೋರ್ಸ್‌ಗಳೆಲ್ಲ ಸಿಗೋ ಕಮ್ಯುನಿಟಿ ಕಾಲೇಜ್ ಹುಡುಕ್ಬೇಕು. ನಮ್ಮವ್ರು ಮಾಡೋದು ಇದರ ಉಲ್ಟಾ, ನೆಂಟರ ಮನೆ ಹತ್ರ ಇರೋ ಕಾಲೇಜಿಗೆ ಸೇರ್ಸಿ ಎರಡನೇ ವರ್ಷದಲ್ಲಿ ಯಾವ ಯೂನಿವರ್ಸಿಟಿ ಅಂತ ಯೋಚ್ನೆ ಮಾಡ್ತಾರೆ. ಅಷ್ಟೊತ್ತಿಗೆ ಓದಿರೋ ಕೋರ್ಸಲ್ಲಿ ಅರ್ಧ ಆ ಡಿಗ್ರಿಗೆ ಲೆಕ್ಕಕ್ಕೇ ಬರ್ದೇ ಇರ್ಬಹುದು, ಮತ್ತೆ ಒಂದು ವರ್ಷ ಜಾಸ್ತಿ, ಅದು ಡಾಲರ್ ಲೆಕ್ಕದಲ್ಲಿ.

ಈ ಅಗ್ರಿಕಲ್ಚರಲ್ ಎಜುಕೇಶನ್ ಅಂದ್ರೆ ಏನು ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಇದು ನಮ್ಮ ಬಿಎಸ್ಸಿ ಅಗ್ರಿ ಅಲ್ಲ. ಅಮೆರಿಕಾದ ಹೈಸ್ಕೂಲ್‌ಗಳಲ್ಲಿ ಕೃಷಿ ಒಂದು ಸಬ್ಜೆಕ್ಟು, 1917ರ ಸ್ಮಿತ್ ಹ್ಯೂಸ್ ಕಾಯ್ದೆ ಬಂದಾಗಿಂದ ಅದಕ್ಕೆ ಕೇಂದ್ರ ಸರ್ಕಾರದ ದುಡ್ಡು ಹೋಗ್ತಿದೆ. ಪಾಠ ಮೂರು ಕಡೆ ನಡೆಯುತ್ತೆ. ಒಂದು ಕ್ಲಾಸು ಮತ್ತೆ ಲ್ಯಾಬು, ಇನ್ನೊಂದು ಮಗು ತಾನೇ ಜವಾಬ್ದಾರಿ ತಗೊಂಡು ಮಾಡೋ ಕೃಷಿ ಪ್ರಾಜೆಕ್ಟು, ಕುರಿ ಸಾಕೋದೋ ನರ್ಸರಿ ಮಾಡೋದೋ ಏನಾದ್ರೂ ಸರಿ, ಮೂರನೇದು 1928ರಲ್ಲಿ ಶುರುವಾದ ಎಫ್‌ಎಫ್‌ಎ ಅನ್ನೋ ವಿದ್ಯಾರ್ಥಿ ಸಂಘ. ಈ ಮೂರನ್ನೂ ನಡೆಸೋದು ಒಬ್ಬ ಮೇಷ್ಟ್ರು, ಆ ಮೇಷ್ಟ್ರು ಆಗೋ ಓದು ಇದು. ಅದಕ್ಕೆ ಇದರಲ್ಲಿ ಬೆಳೆ, ಮಣ್ಣು, ದನಕರು, ಮೆಷಿನ್ ಕೆಲ್ಸ, ವ್ಯಾಪಾರ ಎಲ್ಲಾ ಸ್ವಲ್ಪಸ್ವಲ್ಪ ಬರುತ್ತೆ, ಜೊತೆಗೆ ಹೇಳ್ಕೊಡೋದು ಹೆಂಗೆ ಅನ್ನೋದು ಬರುತ್ತೆ. ಮಕ್ಕಳ ಮುಂದೆ ನಿಂತು ಮಾತಾಡೋಕೆ ಇಷ್ಟ ಇಲ್ದೇ ಇರೋರು, ಬರೀ ಕೃಷಿ ವಿಜ್ಞಾನ ಬೇಕು ಅನ್ನೋರು ಪ್ಲಾಂಟ್ ಸೈನ್ಸ್ ಥರದ್ದು ನೋಡ್ಕೊಳ್ಳಿ.

ಮತ್ತೆ ಈ ದಾರಿ ಯಾರಿಗೆ ಬೇಡ ಅನ್ನೋದನ್ನೂ ಹೇಳ್ಬೇಕು. ನಮ್ಮ ರಾಜ್ಯದಲ್ಲೇ ಕೃಷಿ ಇಲಾಖೆ ಕೆಲ್ಸ, ಕೆವಿಕೆ ಅಂದ್ರೆ ಕೃಷಿ ವಿಜ್ಞಾನ ಕೇಂದ್ರದ ಕೆಲ್ಸ ಮನಸಲ್ಲಿದ್ರೆ ಸಿಇಟಿ ಬರ್ದು ಇಲ್ಲೇ ಸೇರೋದು ಒಳ್ಳೇದು, ಹಾಸನದವ್ರಿಗೆ ಕಾರೆಕೆರೆ ಕೃಷಿ ಕಾಲೇಜು ಇದೆ, ಚಿಕ್ಕಮಗಳೂರವ್ರಿಗೆ ಮೂಡಿಗೆರೆ ತೋಟಗಾರಿಕೆ ಕಾಲೇಜು ಇದೆ, ರೈತರ ಮಕ್ಕಳಿಗೆ ಕೃಷಿಕರ ಕೋಟಾನೂ ಇದೆ, ಆಮೇಲೆ ಎಂಎಸ್ಸಿಲಿ ಕೃಷಿ ವಿಸ್ತರಣೆ ತಗೊಂಡ್ರೆ ಅದು ಈ ಓದಿಗೆ ತುಂಬಾ ಹತ್ರದ್ದು. ಇನ್ನೊಂದು, ಇಲ್ಲಿ ಈಗಾಗ್ಲೇ ಡಿಗ್ರಿ ಮುಗಿಸಿರೋರು ಕಮ್ಯುನಿಟಿ ಕಾಲೇಜ್ ದಾರಿ ಹಿಡೀಬೇಡಿ, ಅಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳು ಎರಡನೇ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ ಸೀಟು ಕೊಡಲ್ಲ, ನೀವು ನೇರ ಮಾಸ್ಟರ್ಸ್‌ಗೆ ನೋಡಿ. ಡಿಗ್ರಿಗೆ ಸೇರಿ ಒಂದು ವರ್ಷ ಓದಿ ಬಿಟ್ಟಿರೋರು ಹೋಗ್ಬಹುದು, ಆದ್ರೆ ಆ ಒಂದು ವರ್ಷವನ್ನ ಅರ್ಜಿಲಿ ಮುಚ್ಚಿಡಬಾರ್ದು, ಓದಿರೋ ಎಲ್ಲಾ ಕಾಲೇಜಿನ ಹೆಸರು ಕೊಡ್ಲೇಬೇಕು ಅನ್ನೋದು ರೂಲು, ಮುಚ್ಚಿಟ್ಟಿದ್ದು ಗೊತ್ತಾದ್ರೆ ಸಿಕ್ಕಿರೋ ಸೀಟೂ ಹೋಗುತ್ತೆ.

ಈಗ ಕೊನೆಯಿಂದ ಲೆಕ್ಕಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಯೂನಿವರ್ಸಿಟಿ ಎರಡು ವ್ಯವಸ್ಥೆಲಿ ಇದಾವೆ, ಒಂದು ಯುಸಿ ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಇನ್ನೊಂದು ಸಿಎಸ್‌ಯು ಅಂದ್ರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ. ಯುಸಿಲಿ ನೋಡ್ಬೇಕಾಗಿರೋದು ಡೇವಿಸ್, ಅಲ್ಲಿ ಅಗ್ರಿಕಲ್ಚರಲ್ ಅಂಡ್ ಎನ್ವಿರಾನ್ಮೆಂಟಲ್ ಎಜುಕೇಶನ್ ಅಂತ ಮೇಜರ್, ಅಂದ್ರೆ ಡಿಗ್ರಿಯ ಮುಖ್ಯ ವಿಷಯ ಇದೆ. ಸಿಎಸ್‌ಯುಲಿ ಫ್ರೆಸ್ನೋ ಸ್ಟೇಟ್, ಚಿಕೋ ಸ್ಟೇಟ್, ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿರೋ ಕ್ಯಾಲ್ ಪಾಲಿ, ಪೊಮೋನಾದ ಕ್ಯಾಲ್ ಪಾಲಿ ಇವು. ಕ್ಯಾಲ್ ಪಾಲಿಗಳಲ್ಲಿ ಡಿಗ್ರಿ ಹೆಸರು ಅಗ್ರಿಕಲ್ಚರಲ್ ಸೈನ್ಸ್ ಅಂತಿರುತ್ತೆ, ಹೆಸರಲ್ಲಿ ಎಜುಕೇಶನ್ ಇಲ್ಲ ಅಂತ ಬಿಟ್ಬಿಡ್ಬೇಡಿ, ಕೃಷಿ ಮೇಷ್ಟ್ರು ಆಗೋರು ಹೋಗೋ ಡಿಗ್ರಿನೇ ಅದು. ಕಮ್ಯುನಿಟಿ ಕಾಲೇಜ್ ಹುಡುಕೋಕೆ ಸೆಂಟ್ರಲ್ ವ್ಯಾಲಿ ಕಡೆ ನೋಡಿ, ಮೊಡೆಸ್ಟೋ, ಮರ್ಸೆಡ್, ರೀಡ್ಲಿ, ಟುಲೇರ್ ಕಡೆ ಕಾಲೇಜ್ ಆಫ್ ದ ಸಿಕೋಯಾಸ್ ಇಲ್ಲೆಲ್ಲ ಕೃಷಿ ವಿಭಾಗ ದೊಡ್ಡದು, ಕೆಲವು ಕಡೆ ಕಾಲೇಜಿನ ಸ್ವಂತ ಫಾರ್ಮೇ ಇದೆ, ಸುತ್ತ ಬಾದಾಮಿ ತೋಟ, ಹಾಲಿನ ಡೈರಿ. ಲಾಸ್ ಏಂಜಲೀಸ್‌ನಲ್ಲಿ ಮಾವ ಇದಾರೆ ಅಂತ ಊರ ಮಧ್ಯದ ಕಾಲೇಜಿಗೆ ಸೇರಿದ್ರೆ ಪ್ರಾಣಿ ವಿಜ್ಞಾನದ ಒಂದು ಕೋರ್ಸೂ ಸಿಗ್ದೇ ಹೋಗ್ಬಹುದು.

ಅಸಿಸ್ಟ್ ಡಾಟ್ ಆರ್ಗ್ ಅಂತ ಒಂದು ಸೈಟ್ ಇದೆ, ಸರ್ಕಾರದ್ದೇ, ದುಡ್ಡಿಲ್ಲ, ಲಾಗಿನ್ ಬೇಕಾಗಿಲ್ಲ. ಒಂದು ಕಡೆ ಕಮ್ಯುನಿಟಿ ಕಾಲೇಜು, ಇನ್ನೊಂದು ಕಡೆ ಯೂನಿವರ್ಸಿಟಿ, ಆಮೇಲೆ ಮೇಜರ್ ಆರಿಸಿದ್ರೆ ಎಡಗಡೆ ಯೂನಿವರ್ಸಿಟಿ ಕೇಳೋ ಕೋರ್ಸು, ಬಲಗಡೆ ಅದಕ್ಕೆ ಸಮ ಅಂತ ಒಪ್ಪಿಕೊಂಡಿರೋ ಕಮ್ಯುನಿಟಿ ಕಾಲೇಜಿನ ಕೋರ್ಸು ಎದುರುಬದುರು ಬರುತ್ತೆ. ಬಲಗಡೆ ಸಮ ಕೋರ್ಸ್ ಇಲ್ಲ ಅಂತ ಬಂದ್ರೆ ಅದನ್ನ ಟ್ರಾನ್ಸ್‌ಫರ್ ಆದ್ಮೇಲೆ ಓದ್ಬೇಕು ಅಂತರ್ಥ. ಎರಡು ಮೂರು ಕಾಲೇಜಿಗೆ ಇದನ್ನ ತೆಗೆದು ಪ್ರಿಂಟ್ ಹಾಕಿ ಪಕ್ಕಪಕ್ಕ ಇಟ್ಟು ನೋಡಿ, ಯಾವುದರಲ್ಲಿ ಖಾಲಿ ಕಮ್ಮಿ ಇದೆಯೋ ಆ ಕಾಲೇಜು ನಿಮ್ಮದು. ನಾನು ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ, ಇಲ್ಲಿ ಕನ್ಸಲ್ಟೆನ್ಸಿ ಇಟ್ಕೊಂಡಿರೋರೊಬ್ರು ನಮಗೆ ಈ ಸೈಟಿನ ಹೆಸರೇ ಹೇಳಿರ್ಲಿಲ್ಲ, ಅವ್ರ ಲಿಸ್ಟಲ್ಲಿ ಇದ್ದ ಕಾಲೇಜುಗಳಲ್ಲಿ ಕೃಷಿ ವಿಭಾಗಾನೇ ಇರ್ಲಿಲ್ಲ. ವರ್ಷ ಆರಿಸೋ ಜಾಗದಲ್ಲಿ ನೀವು ಸೇರೋ ವರ್ಷದ್ದನ್ನ ನೋಡ್ಕೊಂಡು ಆ ಪಿಡಿಎಫ್ ಇಟ್ಕೊಳ್ಳಿ.

ಯೂನಿಟ್ ಅಂದ್ರೆ ಒಂದೊಂದು ಕೋರ್ಸಿಗೂ ಸಿಗೋ ಕ್ರೆಡಿಟ್, ಅದರ ಲೆಕ್ಕ ಇಲ್ಲೇ ಹೇಳ್ತೀನಿ. ಟ್ರಾನ್ಸ್‌ಫರ್‌ಗೆ ಬೇಕಾಗಿರೋದು 60 ಸೆಮಿಸ್ಟರ್ ಯೂನಿಟ್. ಸ್ಟೂಡೆಂಟ್ ವೀಸಾದವ್ರು ಒಂದು ಸೆಮಿಸ್ಟರ್‌ಗೆ ಕನಿಷ್ಠ 12 ಯೂನಿಟ್ ತಗೊಳ್ಲೇಬೇಕು, ಅದಕ್ಕಿಂತ ಕಮ್ಮಿ ಆದ್ರೆ ವೀಸಾ ಸ್ಟೇಟಸ್ಸಿಗೆ ತೊಂದ್ರೆ. ಆದ್ರೆ 12ರಂತೆ ನಾಲ್ಕು ಸೆಮಿಸ್ಟರ್ ಅಂದ್ರೆ 48 ಅಷ್ಟೇ, ಇನ್ನೂ 12 ಬಾಕಿ! ಅಂದ್ರೆ ಒಂದೋ ಸೆಮಿಸ್ಟರ್‌ಗೆ 15 ತಗೋಬೇಕು ಇಲ್ಲ ಬೇಸಿಗೆ ಕ್ಲಾಸ್ ಮಾಡ್ಬೇಕು. ಮೊದಲನೇ ಸೆಮಿಸ್ಟರ್‌ನಲ್ಲಿ ಊಟ, ಚಳಿ, ಇಂಗ್ಲಿಷು ಎಲ್ಲಾ ಹೊಸದು, ಅದಕ್ಕೆ ಆಗ 12 ಅಥವಾ 13 ಇಟ್ಕೊಂಡು ಬೇಸಿಗೆಲಿ ತುಂಬಿಸ್ಕೊಳ್ಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಆನ್‌ಲೈನ್ ಕ್ಲಾಸ್ ಸುಲಭ ಅಂತ ಎಲ್ಲಾ ಅದೇ ತಗೊಂಡ್ರೆ ನಡೆಯಲ್ಲ, ಆ 12 ಯೂನಿಟ್ ಲೆಕ್ಕಕ್ಕೆ ಒಂದು ಆನ್‌ಲೈನ್ ಕೋರ್ಸ್ ಮಾತ್ರ ಬರುತ್ತೆ. ಡೇವಿಸ್‌ನಲ್ಲಿ ಸೆಮಿಸ್ಟರ್ ಅಲ್ಲ ಕ್ವಾರ್ಟರ್ ಪದ್ಧತಿ, ಅಲ್ಲಿಯ 90 ಯೂನಿಟ್ ಕಮ್ಯುನಿಟಿ ಕಾಲೇಜಿನ 60 ಸೆಮಿಸ್ಟರ್ ಯೂನಿಟ್‌ಗೆ ಸಮ, ಗಾಬರಿ ಆಗ್ಬೇಡಿ.

ಕೋರ್ಸ್ ಆರಿಸೋದ್ರಲ್ಲಿ ಎರಡು ಸಾಲು ಒಟ್ಟಿಗೆ ಓಡ್ಬೇಕು. ಒಂದು ಎಲ್ರಿಗೂ ಕಾಮನ್ ಆದ ಜನರಲ್ ಎಜುಕೇಶನ್, 2025ರಿಂದ ಅದಕ್ಕೆ ಕ್ಯಾಲ್ ಗೆಟ್ಸಿ ಅಂತ ಒಂದೇ ಪಟ್ಟಿ ಮಾಡಿದಾರೆ, 34 ಯೂನಿಟ್, ಯುಸಿಗೂ ಸಿಎಸ್‌ಯುಗೂ ಎರಡಕ್ಕೂ ನಡೆಯುತ್ತೆ. ಇಂಗ್ಲಿಷ್ ಬರವಣಿಗೆ, ಕ್ರಿಟಿಕಲ್ ಥಿಂಕಿಂಗ್, ಮಾತುಗಾರಿಕೆ, ಗಣಿತ ಇವು ನಾಲ್ಕನ್ನ ಮೊದಲ ವರ್ಷದಲ್ಲೇ ಮುಗಿಸಿ, ಇವಿಲ್ದೇ ಸಿಎಸ್‌ಯು ಸೀಟು ಸಿಗಲ್ಲ. ಗಣಿತದ ಜಾಗಕ್ಕೆ ಸ್ಟ್ಯಾಟಿಸ್ಟಿಕ್ಸ್ ತಗೊಂಡ್ರೆ ಕೃಷಿ ಓದಿಗೆ ಮುಂದೆ ಜಾಸ್ತಿ ಉಪಯೋಗ. ಎರಡನೇ ಸಾಲು ಮೇಜರ್‌ದು, ಕೆಮಿಸ್ಟ್ರಿ, ಬಯಾಲಜಿ, ಮಣ್ಣು, ಪ್ಲಾಂಟ್ ಸೈನ್ಸ್, ಅನಿಮಲ್ ಸೈನ್ಸ್, ಅಗ್ರಿ ಎಕನಾಮಿಕ್ಸ್, ಮೆಕ್ಯಾನಿಕ್ಸ್. ಇದರಲ್ಲಿ ಕೆಮಿಸ್ಟ್ರಿಯನ್ನ ಮುಂದಕ್ಕೆ ಹಾಕ್ಬೇಡಿ ದಯವಿಟ್ಟು, ಅದಾಗ್ದೇ ಇನ್ನೊಂದಕ್ಕೆ ಬಿಡಲ್ಲ ಅನ್ನೋ ಥರ ಒಂದಕ್ಕೊಂದು ಕೊಂಡಿ ಹಾಕಿರ್ತಾರೆ, ಒಂದು ಸೆಮಿಸ್ಟರ್ ತಪ್ಪಿದ್ರೆ ಹಿಂದೆ ಬರೋ ಕೋರ್ಸ್‌ಗಳೂ ತಪ್ಪುತ್ತೆ. ವೆಲ್ಡಿಂಗ್, ಟ್ರ್ಯಾಕ್ಟರ್ ಕೆಲಸದ ಕೋರ್ಸ್ ಬಗ್ಗೆ ಒಂದು ಮಾತು, ಇಂಥವು ಸಿಎಸ್‌ಯುಗೆ ಲೆಕ್ಕಕ್ಕೆ ಬಂದ್ರೂ ಯುಸಿಗೆ ಬರ್ದೇ ಇರೋದುಂಟು, ಅಸಿಸ್ಟಲ್ಲಿ ನೋಡ್ಕೊಂಡು ತಗೊಳ್ಳಿ. ಹಂಗಂತ ಬಿಡ್ಬೇಡಿ, ಕೃಷಿ ಮೇಷ್ಟ್ರಿಗೆ ಅಲ್ಲಿ ವರ್ಕ್‌ಶಾಪ್ ನಡೆಸೋದು ದಿನದ ಕೆಲಸ, ಪೈಪು ಕತ್ತರಿಸಿ ಜೋಡಿಸೋಕೆ ಬರಲ್ಲ ಅಂದ್ರೆ ಹುಡುಗರು ಗೌರವ ಕೊಡಲ್ಲ.

ಸಿಎಸ್‌ಯುಗೆ ಹೋಗೋರಿಗೆ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅಂತ ಇನ್ನೊಂದು ಅನುಕೂಲ ಇದೆ, 60 ಯೂನಿಟ್ಟಿನ ಡಿಗ್ರಿ, ಅದನ್ನ ಮುಗಿಸಿ ಅದಕ್ಕೆ ಹೊಂದೋ ಮೇಜರ್‌ಗೆ ಹೋದ್ರೆ ಇನ್ನು 60 ಯೂನಿಟ್ಟಲ್ಲಿ ಬ್ಯಾಚುಲರ್ ಮುಗಿಯುತ್ತೆ. ಗ್ಯಾರಂಟಿ ಅಂತ ಜಾಹೀರಾತಲ್ಲಿ ಇರೋದು ಸಿಎಸ್‌ಯುಲಿ ಎಲ್ಲೋ ಒಂದು ಕಡೆ ಸೀಟಿಗೆ, ನೀವು ಕೇಳಿದ ಕ್ಯಾಂಪಸ್ಸಿಗಲ್ಲ. ಡೇವಿಸ್‌ಗೆ ಟ್ಯಾಗ್ ಅನ್ನೋ ಒಪ್ಪಂದ ಬೇರೆ ಇದೆ, ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನ ಮಕ್ಕಳಿಗೆ ಮಾತ್ರ, ಅವ್ರು ಕೇಳಿದ ಜಿಪಿಎ (4ಕ್ಕೆ ಎಷ್ಟು ಅನ್ನೋ ಸರಾಸರಿ ಅಂಕ), ಕೋರ್ಸ್ ಎಲ್ಲಾ ಇದ್ರೆ ಸೀಟು ಖಚಿತ. ಅದರ ಅರ್ಜಿ ಸೆಪ್ಟೆಂಬರ್ ಒಂದು ತಿಂಗಳು ಮಾತ್ರ ತೆಗೆದಿರುತ್ತೆ, ನಮ್ಮ ಗಣೇಶನ ಹಬ್ಬದ ಆಸುಪಾಸು ಅಂತ ನೆನಪಿಟ್ಕೊಳ್ಳಿ. ಬರೀ ಪಾಸ್ ಆದ್ರೆ ಸಾಕು ಅಂತ ಓದೋಕೆ ಹೋಗ್ಬೇಡಿ, ನಮ್ಮಂಥ ಹೊರಗಿನವ್ರಿಗೆ ಯುಸಿಲಿ ಅರ್ಜಿ ಹಾಕೋಕೆ ಕನಿಷ್ಠವೇ 2.8 ಜಿಪಿಎ, ಸಿಎಸ್‌ಯುಲಿ 2.4, ಸೀಟು ಸಿಗೋದು ಅದಕ್ಕಿಂತ ಮೇಲೇ ಇರೋರಿಗೆ.

ಇನ್ನು ಕೆಲಸದ ಗಂಟೆ. ಇದನ್ನ ಇಲ್ಲಿಂದ ಹೊರಡೋಕೆ ಮುಂಚೆನೇ ಶುರು ಮಾಡ್ಬೇಕು ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಮೇಷ್ಟ್ರಿಗೆ ಅಗ್ರಿಕಲ್ಚರ್ ಸ್ಪೆಷಲಿಸ್ಟ್ ಅನ್ನೋ ಕ್ರೆಡೆನ್ಷಿಯಲ್, ಅಂದ್ರೆ ಪಾಠ ಹೇಳೋಕೆ ಲೈಸೆನ್ಸ್ ಬೇಕು, ಅದಕ್ಕೆ ಕೃಷಿ ಕೆಲ್ಸ ಮಾಡಿರೋ ಅನುಭವ ತೋರ್ಸಬೇಕು, 3000 ಗಂಟೆ ಲೆಕ್ಕ, ಅದಕ್ಕೊಂದು ಫಾರಂ ಇದೆ, ಟಿ 14 ಅಂತ ಕರೀತಾರೆ. ಅಲ್ಲಿ ಹೋಗಿ ಫಾರ್ಮಲ್ಲಿ ಕೆಲ್ಸ ಮಾಡಿ ತುಂಬಿಸ್ಕೋತೀನಿ ಅಂದ್ರೆ ಸ್ಟೂಡೆಂಟ್ ವೀಸಾದಲ್ಲಿ ಅದು ಆಗಲ್ಲ, ಓದೋ ಸಮಯದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ತನಕ ಮಾತ್ರ ಕೆಲ್ಸ, ಹೊರಗೆ ಮಾಡ್ಬೇಕು ಅಂದ್ರೆ ಒಂದು ವರ್ಷ ಓದಿ, ಕೋರ್ಸಿಗೆ ಸಂಬಂಧ ಇದ್ದು, ಪರ್ಮಿಷನ್ ತಗೊಂಡಿರ್ಬೇಕು. ಆದ್ರೆ ನಮ್ಮ ಮಕ್ಕಳು ಮನೆ ತೋಟದಲ್ಲಿ ಚಿಕ್ಕಂದಿನಿಂದ ಮಾಡಿರೋ ಕೆಲಸ ಕಮ್ಮಿನಾ? ಅದನ್ನ ಯಾರೂ ಬರ್ದಿಡಲ್ಲ ಅಷ್ಟೇ. ನಿಮ್ಮ ಮನೆ ತೋಟದ ಕೆಲಸದಲ್ಲಿ ಎಷ್ಟನ್ನ ಲೆಕ್ಕಕ್ಕೆ ತಗೋತಾರೆ ಅಂತ ಆ ಯೂನಿವರ್ಸಿಟಿಯ ಅಗ್ ಎಜುಕೇಶನ್ ವಿಭಾಗಕ್ಕೆ ಮೊದ್ಲೇ ಮೇಲ್ ಮಾಡಿ ಕೇಳಿ, ಆ ಉತ್ತರ ಇಟ್ಕೊಳ್ಳಿ, ಅವ್ರೇನೇ ಹೇಳಿದ್ರೂ ಬರವಣಿಗೆಲಿ ಇರೋ ಲೆಕ್ಕಕ್ಕೆ ಇರೋ ತೂಕ ಬಾಯಿ ಮಾತಿಗೆ ಇರಲ್ಲ.

ಹೆಂಗೆ ಬರೀಬೇಕು ಅಂದ್ರೆ ಒಂದು ಉದ್ದದ ಲೆಡ್ಜರ್ ಪುಸ್ತಕ ತಗೊಳ್ಳಿ, ತೋಟದ ರೈಟರ್ ಚೆಕ್‌ರೋಲ್ ಬರೆಯೋ ಥರದ್ದು. ತಾರೀಕು, ಶುರು ಮಾಡಿದ ಹೊತ್ತು, ಬಿಟ್ಟ ಹೊತ್ತು, ಏನು ಕೆಲಸ, ಯಾವ ಬ್ಲಾಕು, ಎಷ್ಟು ಜನ ಇದ್ರು, ನೀವು ಮಾಡಿದ್ದೇನು. ಅಕ್ಕನ ಮಗಳ ಪುಸ್ತಕದಲ್ಲಿ ಒಂದು ದಿನದ್ದು ಹಿಂಗಿದೆ: ಬೆಳಗ್ಗೆ ಏಳೂವರೆಯಿಂದ ಹನ್ನೆರಡು, ಬೋರ್ಡೋ ದ್ರಾವಣ ತಯಾರಿ, 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ ಸೇರಿಸಿದ್ದು, ಚಾಕು ಅದ್ದಿ ನೋಡಿದಾಗ ತಾಮ್ರದ ಬಣ್ಣ ಹಿಡೀತು, ಸುಣ್ಣದ ತಿಳಿ ಇನ್ನೊಂದು ಸ್ವಲ್ಪ ಹಾಕಿದ್ದು, ಹೊಸ ಹುಡುಗರಿಬ್ಬರಿಗೆ ಯಾಕೆ ಹಾಕಿದ್ದು ಅಂತ ಹೇಳಿದ್ದು. ಬರೀ ಸ್ಪ್ರೇ ಕೆಲ್ಸ ಅಂತ ಬರ್ದಿದ್ರೆ ಯಾರಿಗೂ ಏನೂ ಗೊತ್ತಾಗ್ತಿರ್ಲಿಲ್ಲ. ಇದರಲ್ಲಿ ಕೆಮಿಸ್ಟ್ರಿ ಇದೆ, ರೋಗ ತಡೆಯೋದಿದೆ, ಮತ್ತೆ ಕೊನೇ ಸಾಲಲ್ಲಿ ಪಾಠ ಹೇಳಿರೋದೂ ಇದೆ, ಕೃಷಿ ಮೇಷ್ಟ್ರನ್ನ ಆರಿಸೋರು ಹುಡುಕೋದು ಆ ಕೊನೇ ಸಾಲನ್ನೇ.

ಕಾಫಿ ತೋಟದವ್ರಿಗೆ ವರ್ಷ ಪೂರ್ತಿ ಬರೆಯೋಕೆ ಇದೆ, ಅರೇಬಿಕಾ ಹಣ್ಣು ಕುಯ್ಯೋದು, ಪಲ್ಪಿಂಗ್, ಕಣದಲ್ಲಿ ಒಣಗಿಸೋದು, ಆಮೇಲೆ ರೊಬಸ್ಟಾ, ಮೆಣಸು, ಹೂವಿನ ಮಳೆ ಬರ್ದೇ ಹೋದ್ರೆ ಸ್ಪ್ರಿಂಕ್ಲರ್, ಮರಗಸಿ, ಚಿಗುರು ತೆಗೆಯೋದು, ಕಾಂಡಕೊರಕ ಹಿಡಿದಿರೋ ಗಿಡ ಹುಡುಕಿ ಕೀಳೋದು. ಬಯಲು ಸೀಮೆಯವ್ರು ನಮಗೇನಿದೆ ಅಂತ ಅನ್ಕೋಬೇಡಿ, ಹಾಸನ ತಾಲೂಕಿನ ಆಲೂಗಡ್ಡೆ ಹೊಲದಲ್ಲಿ ಅಂಗಮಾರಿ ಬಂದ ವರ್ಷ ಏನೇನು ಮಾಡಿದ್ರಿ ಅನ್ನೋದು, ಅರಸೀಕೆರೆ ಕಡೆ ತೆಂಗು, ಕಡೂರು ಕಡೆ ರಾಗಿ, ಈರುಳ್ಳಿ, ಮನೆ ಹಸು ಎಮ್ಮೆ, ಡೈರಿಗೆ ಹಾಲು ಹಾಕಿದ ಪಾಸ್‌ಬುಕ್ ಇವೆಲ್ಲ ಅಷ್ಟೇ ಬೆಲೆ ಬಾಳುತ್ತೆ. ತಿಂಗಳಿಗೊಂದು ಸಲ ಮನೆಯವ್ರಲ್ಲದ ಯಾರಾದ್ರೂ, ಪಕ್ಕದ ತೋಟದವ್ರೋ ಸೊಸೈಟಿ ಸೆಕ್ರೆಟರಿನೋ, ನೋಡಿ ಸೈನ್ ಹಾಕ್ಲಿ. ಮಾಡ್ದೇ ಇರೋ ಗಂಟೆ ಬರೀಬೇಡಿ, ಹದಿನೈದು ನಿಮಿಷ ಮಾತಾಡಿದ್ರೆ ತೋಟದ ಕೆಲ್ಸ ಗೊತ್ತಿರೋರು ಯಾರು ಅಂತ ಅಲ್ಲಿಯ ಪ್ರೊಫೆಸರ್‌ಗಳಿಗೆ ಗೊತ್ತಾಗುತ್ತೆ, ಅವ್ರೂ ಹೊಲದಿಂದ ಬಂದೋರೇ.

ಪಾಠ ಹೇಳಿರೋ ಅನುಭವಾನೂ ಇಲ್ಲೇ ಶುರು ಮಾಡ್ಬಹುದು. ಊರಿನ ಸರ್ಕಾರಿ ಹೈಸ್ಕೂಲ್ ಹೆಡ್‌ಮೇಷ್ಟ್ರನ್ನ ಕೇಳಿ ಶನಿವಾರ ಅಕ್ಷರ ದಾಸೋಹಕ್ಕೆ ತರಕಾರಿ ಬೆಳೆಯೋ ಕೈತೋಟ ಮಾಡ್ಸಿ, ಸೊಪ್ಪಿನ ಮಡಿ ಮಾಡೋದು ಎಂಟನೇ ಕ್ಲಾಸ್ ಮಕ್ಕಳಿಗೆ ಕಲ್ಸಿ. ಕಂದಲಿಯ ಕೆವಿಕೆ, ಮೂಡಿಗೆರೆಯ ಕೆವಿಕೆಲಿ ರೈತರಿಗೆ ತರಬೇತಿ ನಡೆಯುತ್ತೆ, ಹೋಗಿ ಕೂತ್ಕೊಂಡು ಅವ್ರು ಹೇಳ್ಕೊಡೋ ರೀತಿ ಗಮನ್ಸಿ. ಬಾಳೆಹೊನ್ನೂರಲ್ಲಿ 1925ರಿಂದ ಇರೋ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ, ನಮ್ಮ ಮಕ್ಕಳು ಅಲ್ಲಿ ಕಂಡ ವಿಷಯ ಅಮೆರಿಕಾದಲ್ಲಿ ಹೇಳಿದ್ರೆ ಎಲ್ರೂ ಕಿವಿ ಕೊಟ್ಟು ಕೇಳ್ತಾರೆ, ಅಷ್ಟು ದೊಡ್ಡ ಪ್ರಮಾಣದಲ್ಲಿ ನೆರಳಿನಡಿ ಕಾಫಿ ಬೆಳೆಯೋದನ್ನ ಅವ್ರು ಕಂಡಿರಲ್ಲ. ಅಲ್ಲಿಗೆ ಹೋದ್ಮೇಲೆ ಕ್ರೆಡೆನ್ಷಿಯಲ್ ಕೋರ್ಸಿಗೆ ಸೇರೋಕೆ ಮುಂಚೆ ಶಾಲೇಲಿ 45 ಗಂಟೆ ಕ್ಲಾಸ್ ನೋಡಿರ್ಬೇಕು ಅಂತ ಇದೆ, ಕಮ್ಯುನಿಟಿ ಕಾಲೇಜಲ್ಲೇ ಇಂಟ್ರೊಡಕ್ಷನ್ ಟು ಟೀಚಿಂಗ್ ಥರ ಕೋರ್ಸ್ ಸಿಕ್ಕಿದ್ರೆ ತಗೊಳ್ಳಿ, ಆ ಗಂಟೆಗಳು ಅದರಲ್ಲೇ ಆಗೋ ಸಾಧ್ಯತೆ ಇದೆ.

ದುಡ್ಡಿನ ವಿಷಯ. ಕಮ್ಯುನಿಟಿ ಕಾಲೇಜಲ್ಲಿ ಅಲ್ಲಿಯವ್ರಿಗೆ ಯೂನಿಟ್‌ಗೆ 46 ಡಾಲರ್, ಅದನ್ನ ನೋಡಿ ಇಷ್ಟು ಕಮ್ಮಿನಾ ಅಂತ ಖುಷಿ ಪಡ್ಬೇಡಿ, ಹೊರ ದೇಶದವ್ರಿಗೆ ಸಾಮಾನ್ಯವಾಗಿ 300 ಡಾಲರ್ ದಾಟುತ್ತೆ. ಆದ್ರೂ ಯುಸಿಗೆ ನೇರ ಹೋದ್ರೆ ಮಾಮೂಲಿ ಫೀಸಿನ ಮೇಲೆ ಹೊರಗಿನವ್ರಿಗೇ ಅಂತ ವರ್ಷಕ್ಕೆ 34,000 ಡಾಲರ್‌ಗಿಂತ ಜಾಸ್ತಿ ಬೀಳುತ್ತೆ, ಅದಕ್ಕೆ ಹೋಲಿಸಿದ್ರೆ ಎರಡು ವರ್ಷದಲ್ಲಿ ಉಳಿಯೋದು ದೊಡ್ಡ ಮೊತ್ತಾನೇ. ಅದೇ ಲೆಕ್ಕದಲ್ಲಿ ಮುಂದಿನ ಎರಡು ವರ್ಷಕ್ಕೂ ಸಿಎಸ್‌ಯು ಹಿಡಿದ್ರೆ ಇನ್ನೂ ಕಮ್ಮಿ, ಕೃಷಿ ಮೇಷ್ಟ್ರು ಆಗೋಕೆ ಫ್ರೆಸ್ನೋ ಅಥವಾ ಚಿಕೋ ಯಾವ ರೀತಿಲೂ ಕಮ್ಮಿ ಅಲ್ಲ, ಹೆಸರಿಗೋಸ್ಕರ ಯುಸಿ ಬೇಕು ಅನ್ನೋ ಹಠ ನನಗೆ ಸರಿ ಕಾಣಲ್ಲ. ಸ್ಟೂಡೆಂಟ್ ವೀಸಾಗೆ ಬೇಕಾದ ಐ 20 ಅನ್ನೋ ಫಾರಂ ಕೊಡೋಕೆ ಕಾಲೇಜವ್ರು ಮೊದಲ ವರ್ಷದ ಪೂರ್ತಿ ಖರ್ಚಿಗೆ ದುಡ್ಡು ತೋರ್ಸಿ ಅಂತಾರೆ. ಇಪ್ಪತ್ತು ಎಕರೆ ತೋಟದ ಪಹಣಿ ಕೊಟ್ರೆ ಅದಕ್ಕೆ ಆಗಲ್ಲ, ಕೂಡ್ಲೇ ಕೈಗೆ ಬರೋ ದುಡ್ಡು ಬೇಕು, ಬ್ಯಾಂಕ್ ಬ್ಯಾಲೆನ್ಸ್, ಎಫ್‌ಡಿ, ಎಜುಕೇಶನ್ ಲೋನ್ ಸ್ಯಾಂಕ್ಷನ್ ಲೆಟರ್ ಇಂಥವು. ಕಾಫಿ ಮಾರಿದ ದುಡ್ಡು ಬರೋ ತಿಂಗಳು ನೋಡ್ಕೊಂಡು ಬ್ಯಾಂಕಿನ ಪತ್ರ ತಗೊಳ್ಳಿ, ಕೃಷಿ ಆದಾಯ ಅನ್ನೋದಕ್ಕೆ ಮಾರಾಟದ ಬಿಲ್ಲು ಜೋಡ್ಸಿ ಇಟ್ಕೊಳ್ಳಿ.

ಹೆಸರಿನ ತೊಂದ್ರೆ ನಮ್ಮ ಕಡೆಯವ್ರಿಗೆ ಜಾಸ್ತಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಆಧಾರಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತೆ ಅಥವಾ ಸರ್‌ನೇಮ್, ಗಿವನ್ ನೇಮ್ ಎರಡರಲ್ಲಿ ಒಂದು ಜಾಗ ಖಾಲಿ ಇರುತ್ತೆ. ಖಾಲಿ ಇದ್ರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಅನ್ನೋದರ ಗುರುತು) ಅಂತ ಪ್ರಿಂಟ್ ಆಗುತ್ತೆ, ಆಮೇಲೆ ಕಾಲೇಜು, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲಾ ಕಡೆ ಆ ಹೆಸರೇ. ಪಾಸ್‌ಪೋರ್ಟ್ ಮಾಡ್ಸೋವಾಗ್ಲೇ ಎರಡೂ ಜಾಗ ತುಂಬ್ಸಿ, ಅದೇ ಸ್ಪೆಲ್ಲಿಂಗ್ ಕೊನೇ ತನಕ ಇರ್ಲಿ.

ಇಂಗ್ಲಿಷ್ ಪರೀಕ್ಷೆ ಬಗ್ಗೆ ಕನ್ನಡ ಮೀಡಿಯಂ ಮಕ್ಕಳು ಹೆದ್ರೋದು ಬೇಡ. ಕಮ್ಯುನಿಟಿ ಕಾಲೇಜು ಕೇಳೋ ಐಇಎಲ್‌ಟಿಎಸ್ ಸ್ಕೋರ್ ಯೂನಿವರ್ಸಿಟಿ ಕೇಳೋದಕ್ಕಿಂತ ಕಮ್ಮಿ ಇರುತ್ತೆ, ಆಮೇಲೆ ಯುಸಿಗೆ ಟ್ರಾನ್ಸ್‌ಫರ್ ಆಗೋವಾಗ ಅಲ್ಲೇ ಓದಿರೋ ಎರಡು ಇಂಗ್ಲಿಷ್ ಕಾಂಪೊಸಿಷನ್ ಕೋರ್ಸ್ ಚೆನ್ನಾಗಿ ಪಾಸ್ ಆಗಿದ್ರೆ ಅದನ್ನೇ ಒಪ್ಕೋತಾರೆ. ವೀಸಾ ಇಂಟರ್ವ್ಯೂಲಿ ಯಾಕೆ ಕಮ್ಯುನಿಟಿ ಕಾಲೇಜ್ ಅಂತ ಕೇಳೇ ಕೇಳ್ತಾರೆ. ಆ ಅಸಿಸ್ಟ್ ಪ್ರಿಂಟ್ ಮನಸಲ್ಲಿದ್ರೆ ಉತ್ತರ ತಾನಾಗೇ ಬರುತ್ತೆ, ಎರಡು ವರ್ಷ ಇಲ್ಲಿ, ಇಂಥಿಂಥ ಕೋರ್ಸು, ಎರಡು ವರ್ಷ ಇಂಥ ಯೂನಿವರ್ಸಿಟಿ, ಇಂಥ ಡಿಗ್ರಿ, ದುಡ್ಡು ಇಲ್ಲಿಂದ. ಯಾರೋ ಬರ್ಕೊಟ್ಟಿದ್ದನ್ನ ಬಾಯಿಪಾಠ ಒಪ್ಪಿಸೋದು ಬೇಡ.

ಎರಡನೇ ವರ್ಷ ಅರ್ಜಿ ವರ್ಷ. ಯುಸಿ, ಸಿಎಸ್‌ಯು ಎರಡಕ್ಕೂ ಅಕ್ಟೋಬರ್ 1ರಿಂದ ತೆಗೆದಿರುತ್ತೆ, ನವೆಂಬರ್ ಕೊನೆ ಹತ್ತಿರ ಮುಚ್ಚುತ್ತೆ, ಕೊನೇ ದಿನಕ್ಕೆ ಇಡ್ಬೇಡಿ. ಸಿಎಸ್‌ಯುಲಿ ಬಹುತೇಕ ಅಂಕ, ಕೋರ್ಸ್ ಮೇಲೇ ನಿಂತಿರುತ್ತೆ. ಯುಸಿಲಿ ನಾಲ್ಕು ಪ್ರಶ್ನೆಗೆ ತಲಾ 350 ಪದದೊಳಗೆ ಬರೀಬೇಕು, ಟ್ರಾನ್ಸ್‌ಫರ್ ಮಕ್ಕಳಿಗೆ ಒಂದು ಪ್ರಶ್ನೆ ಕಡ್ಡಾಯ, ನೀವು ಆರಿಸಿದ ಮೇಜರ್‌ಗೆ ಹೆಂಗೆ ತಯಾರಾಗಿದೀರಿ ಅನ್ನೋದು. ನಾನು ರೈತನ ಮಗ, ರೈತ ದೇಶದ ಬೆನ್ನೆಲುಬು ಅಂತ ಶುರು ಮಾಡೋ ಪ್ರಬಂಧ ಅಲ್ಲಿ ಕೆಲ್ಸಕ್ಕೆ ಬರಲ್ಲ. ಲೆಡ್ಜರ್ ತೆಗೀರಿ, ಒಂದು ದಿನ ಆರಿಸಿ, ಆ ದಿನ ಏನು ಮಾಡಿದ್ರಿ, ಯಾರಿಗೆ ಏನು ಹೇಳ್ಕೊಟ್ರಿ, ಅವ್ರಿಗೆ ಅರ್ಥ ಆಗ್ದೇ ಹೋದಾಗ ಬೇರೆ ಹೆಂಗೆ ಹೇಳಿದ್ರಿ ಅಂತ ಬರೀರಿ. ಅರ್ಜಿ ಹಾಕಿದ್ಮೇಲೆ ಜನವರಿಲಿ ಯುಸಿಯವ್ರು ಹೊಸ ಗ್ರೇಡು, ಮುಂದಿನ ಸೆಮಿಸ್ಟರ್ ಕೋರ್ಸು ಅಪ್‌ಡೇಟ್ ಮಾಡಿ ಅಂತ ಕೇಳ್ತಾರೆ, ಅದನ್ನ ಮರೆತು ಕೂರೋರು ಬಹಳ. ಅರ್ಜಿಲಿ ಓದ್ತೀನಿ ಅಂತ ಬರ್ದ ಕೋರ್ಸನ್ನ ಹೇಳ್ದೇ ಕೇಳ್ದೇ ಬಿಟ್ರೂ ಸೀಟು ವಾಪಸ್ ತಗೋಬಹುದು.

ಸೀಟು ಸಿಕ್ಕಿದ್ಮೇಲೆ ವೀಸಾ ಕಡೆಯ ಟ್ರಾನ್ಸ್‌ಫರ್ ಬೇರೆ ಕೆಲ್ಸ. ಕಮ್ಯುನಿಟಿ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಅಡ್ಮಿಷನ್ ಲೆಟರ್ ಕೊಟ್ರೆ ಅವ್ರು ನಿಮ್ಮ ಸೆವಿಸ್ ರೆಕಾರ್ಡನ್ನ (ಹೊರಗಿನ ವಿದ್ಯಾರ್ಥಿಗಳ ಬಗ್ಗೆ ಅಮೆರಿಕಾ ಸರ್ಕಾರ ಇಡೋ ದಾಖಲೆ) ಒಂದು ತಾರೀಕು ಗೊತ್ತು ಮಾಡಿ ಹೊಸ ಯೂನಿವರ್ಸಿಟಿಗೆ ಬಿಡ್ತಾರೆ, ಆ ತಾರೀಕು ಆದ್ಮೇಲೆ ಹೊಸ ಐ 20 ಬರುತ್ತೆ. ಬೇಸಿಗೆಲಿ ಊರಿಗೆ ಬರೋ ಯೋಚ್ನೆ ಇದ್ರೆ ಆ ತಾರೀಕನ್ನ ಟಿಕೆಟ್ ಬುಕ್ ಮಾಡೋಕೆ ಮುಂಚೆ ಮಾತಾಡ್ಕೊಳ್ಳಿ, ವಾಪಸ್ ಹೋಗೋವಾಗ ಕೈಲಿ ಹೊಸ ಯೂನಿವರ್ಸಿಟಿಯ ಐ 20 ಇರ್ಲೇಬೇಕು. ಪಾಸ್‌ಪೋರ್ಟಲ್ಲಿರೋ ವೀಸಾದ ಅವಧಿ ಮುಗ್ದಿಲ್ಲ ಅಂದ್ರೆ ಅದರ ಮೇಲೆ ಹಳೇ ಕಾಲೇಜಿನ ಹೆಸರಿದ್ರೂ ನಡೆಯುತ್ತೆ.

ಡಿಗ್ರಿ ಆದ್ಮೇಲೆ ಮೇಷ್ಟ್ರಾಗೋಕೆ ಇನ್ನೂ ಸುಮಾರು ಒಂದು ವರ್ಷದ ಕ್ರೆಡೆನ್ಷಿಯಲ್ ಓದು ಇದೆ, ಅದರ ಖರ್ಚನ್ನೂ ಈಗ್ಲೇ ಸೇರ್ಸಿ ಲೆಕ್ಕ ಹಾಕಿ. ಓದಿಗೆ ಸಂಬಂಧ ಇರೋ ಕೆಲ್ಸವನ್ನ ಓಪಿಟಿ ಅಂತ 12 ತಿಂಗಳು ಮಾಡ್ಬಹುದು, ಅದರ ನಂತರ ಶಾಲೆಯವ್ರು ವೀಸಾ ಸ್ಪಾನ್ಸರ್ ಮಾಡ್ಬೇಕು, ಆ ರೂಲ್ಸ್ ಬದಲಾಗ್ತಾನೇ ಇರುತ್ತೆ. ಅಲ್ಲೇ ಉಳೀಬಹುದು ಅನ್ನೋ ಒಂದೇ ಲೆಕ್ಕದ ಮೇಲೆ ತೋಟ ಅಡ ಇಟ್ಟು ಮಕ್ಕಳನ್ನ ಕಳಿಸ್ಬೇಡಿ, ಅಪ್ಪ ಅಮ್ಮಂದಿರಿಗೆ ನಾನು ಕೈ ಮುಗಿದು ಹೇಳೋದು ಇಷ್ಟೇ. ವಾಪಸ್ ಬರೋರು ಪ್ರತಿ ಕೋರ್ಸಿನ ಸಿಲಬಸ್, ಟ್ರಾನ್ಸ್‌ಕ್ರಿಪ್ಟ್ ಎರಡೂ ಕಾಲೇಜಿಂದು ಸೀಲ್ ಹಾಕ್ಸಿ ತನ್ನಿ, ಇಲ್ಲಿ ಮುಂದೆ ಓದೋಕೆ, ಸರ್ಕಾರಿ ಕೆಲ್ಸಕ್ಕೆ ವಿದೇಶಿ ಡಿಗ್ರಿಗೆ ಸಮಾನತೆಯ ಸರ್ಟಿಫಿಕೇಟ್ ಕೇಳ್ತಾರೆ, ಆಗ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ್ದೂ ತೋರ್ಸಬೇಕಾಗುತ್ತೆ, ಆ ಕಾಗದಕ್ಕೆ ಇಲ್ಲಿಂದ ಮೇಲ್ ಮಾಡ್ಕೊಂಡು ಕೂರೋದಕ್ಕಿಂತ ಅಲ್ಲಿದ್ದಾಗ್ಲೇ ಕೌಂಟರಿಗೆ ಹೋಗಿ ಎರಡೆರಡು ಕಾಪಿ ಇಸ್ಕೊಳ್ಳೋದು ಸುಲಭ.